ವಿಮಾನಕ್ಕೆ ಪದವಿ ಬೇಡ, ಬದುಕಿಗೆ ಬೇಕು

ಕಳೆದ ಬೇಸಿಗೆಯಲ್ಲಿ ಹಾನಗಲ್ ತಾಲ್ಲೂಕಿನ ರೈತರೊಬ್ಬರು ಮಗಳೊಂದಿಗೆ ನನ್ನ ಮನೆಗೆ ಬಂದಿದ್ದರು. ಸವಣೂರು ಉಪವಿಭಾಗದಲ್ಲಿ ನಾನು ಸೇವೆಯಲ್ಲಿದ್ದ ಕಾಲದ ಪರಿಚಯ ಅವರದು. ಮಗಳು ಪಿಯುಸಿ ವಿಜ್ಞಾನ ವಿಭಾಗದಲ್ಲಿ ಒಳ್ಳೆಯ ಅಂಕ ಪಡೆದು ತೇರ್ಗಡೆಯಾಗಿದ್ದಳು. ‘ಸಾಹೇಬ್ರ, ಇಕಿ ಪೈಲಟ್ ಆಗ್ತೀನಿ ಅಂತಾಳ. ಮೊದಲ ಡಿಗ್ರಿ ಮಾಡಸಬೇಕೋ, ಹೊಲಾ ಮಾರಿ ಅದಕ್ಕ ಹಚ್ಚಬೇಕೋ, ನೀವ ಹೇಳ್ರಿ’ ಎಂದರು. ಇರುವ ನಾಲ್ಕು ಎಕರೆಗೆ ಗಿರಾಕಿಯೂ ಸಿದ್ಧನಿದ್ದ. ಆ ದಿನ ನಾನು ಉತ್ತರ ಕೊಡಲಿಲ್ಲ. ವಿಚಾರಿಸಿ ಹೇಳುವೆನೆಂದು ಕಳುಹಿಸಿದೆ. ಹಾಗೆ ವಿಚಾರಿಸಿದ್ದರ ಫಲ ಈ ಲೇಖನ.

ಇಂಥ ಪ್ರಶ್ನೆ ಈಗ ಆ ಒಂದು ಮನೆಗೆ ಸೀಮಿತವಾಗಿಲ್ಲ. ಶಿಗ್ಗಾಂವದಿಂದ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಹೆದ್ದಾರಿಯಲ್ಲಿ ಸುಮಾರು ಒಂದು ಗಂಟೆಯ ದಾರಿ. ಹಿರೇಕೆರೂರಿನವರಿಗೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗ ನಿಲ್ದಾಣವಿದೆ. ಅದೇ ವರ್ಷ ಏರ್ ಇಂಡಿಯಾ 470 ಹಾಗೂ ಇಂಡಿಗೊ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದ ಸುದ್ದಿ ಹಳ್ಳಿಯ ಚಹಾದಂಗಡಿಯವರೆಗೂ ತಲುಪಿತು. ಗೋವಿನಜೋಳ, ಎಲೆಬಳ್ಳಿಗಳ ನಡುವೆ ಬೆಳೆದ ಮಕ್ಕಳು ಆಕಾಶ ನೋಡಿದರೆ ತಪ್ಪೇನೂ ಇಲ್ಲ. ಆದರೆ ಅವರಿಗೆ ಸಿಗುತ್ತಿರುವ ಸಲಹೆ ಮಾತ್ರ ಬಹುಪಾಲು ತರಬೇತಿ ಸಂಸ್ಥೆಗಳ ಜಾಹೀರಾತಿನದು.

ಮೊದಲು ಕಾನೂನು ಏನು ಹೇಳುತ್ತದೆಂದು ನೋಡೋಣ. ವಾಣಿಜ್ಯ ಪೈಲಟ್ ಪರವಾನಗಿಗೆ ಪದವಿ ಕಡ್ಡಾಯವಲ್ಲ. ಭೌತಶಾಸ್ತ್ರ ಮತ್ತು ಗಣಿತದೊಂದಿಗೆ ಪಿಯುಸಿ, 18 ವರ್ಷ ವಯಸ್ಸು, ಒಂದನೇ ದರ್ಜೆಯ ವೈದ್ಯಕೀಯ ಅರ್ಹತೆ, 200 ಗಂಟೆಗಳ ಹಾರಾಟ, ಜೊತೆಗೆ ಪಥನಿರ್ದೇಶನ, ಹವಾಮಾನ, ವಾಯುನಿಯಮ ಮೊದಲಾದ ಲಿಖಿತ ಪರೀಕ್ಷೆಗಳು: ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಮುಖ್ಯವಾಗಿ ಕೇಳುವುದು ಇಷ್ಟನ್ನು. ಪಿಯುಸಿಯಲ್ಲಿ ವಾಣಿಜ್ಯವನ್ನೋ ಕಲೆಯನ್ನೋ ಓದಿದವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಆ ಎರಡು ವಿಷಯಗಳನ್ನು ಬರೆದು ಅರ್ಹತೆ ಗಳಿಸಿದ್ದುಂಟು.

ಹಾಗಾದರೆ ಪದವಿಗೆ ಮೂರು ವರ್ಷ ಏಕೆ ವ್ಯಯಿಸಬೇಕು ಎಂಬ ವಾದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ವಿಮಾನಯಾನ ಸಂಸ್ಥೆಗಳಲ್ಲಿ ಸೇವಾ ಹಿರಿತನಕ್ಕೆ ಬೆಲೆಯಿದೆ. ಬೇಗ ಸೇರಿದವನು ಬೇಗ ಕಮಾಂಡರ್ ಆಗುತ್ತಾನೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಈ ‘ಅವಕಾಶ ವೆಚ್ಚ’ವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನು ಜಾಹೀರಾತುಗಳು ತೋರಿಸುವುದಿಲ್ಲ.

ಪೈಲಟ್ ಪರವಾನಗಿ ಒಂದೇ ಉದ್ಯಮದಲ್ಲಿ ಚಲಾವಣೆಯಾಗುವ ನಾಣ್ಯ. ಆ ಉದ್ಯಮವೋ ಏರಿಳಿತಕ್ಕೆ ಹೆಸರಾದದ್ದು. ನಮ್ಮದೇ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ಸಾಮಾನ್ಯನನ್ನು ವಿಮಾನ ಹತ್ತಿಸಿತು. ಕೆಲವೇ ವರ್ಷಗಳಲ್ಲಿ ಅದು ಕಿಂಗ್‌ಫಿಷರ್‌ನಲ್ಲಿ ಲೀನವಾಯಿತು. ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿತು. 2020ರಲ್ಲಿ ಕೋವಿಡ್ ಇಡೀ ಉದ್ಯಮವನ್ನೇ ನೆಲಕ್ಕಿಳಿಸಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ದಿವಾಳಿ ಪ್ರಕ್ರಿಯೆಗೆ ಹೋಯಿತು. ಪ್ರತಿ ಬಾರಿಯೂ ಪರವಾನಗಿ ಕೈಯಲ್ಲಿದ್ದು ಕೆಲಸವಿಲ್ಲದವರ ಸಾಲು ಬೆಳೆಯಿತು.

ಉದ್ಯಮ ಚೆನ್ನಾಗಿದ್ದರೂ ದೇಹ ಕೈಕೊಡಬಹುದು. ವೈದ್ಯಕೀಯ ಅರ್ಹತೆಯನ್ನು ಯುವ ಪೈಲಟ್‌ಗಳೂ ವರ್ಷಕ್ಕೊಮ್ಮೆ ಸಾಬೀತುಪಡಿಸಬೇಕು. ಹೃದಯದಲ್ಲಿ, ಕಿವಿಯಲ್ಲಿ, ಕಣ್ಣಿನಲ್ಲಿ ಕಾಣುವ ಒಂದು ದೋಷ ವೃತ್ತಿಯನ್ನೇ ಮುಗಿಸಬಲ್ಲದು. ಆಗ ಪಿಯುಸಿಯ ಅಂಕಪಟ್ಟಿಯೊಂದೇ ಉಳಿದರೆ, ಲೋಕಸೇವಾ ಆಯೋಗದ ಪರೀಕ್ಷೆಯಿರಲಿ, ಬ್ಯಾಂಕಿನ ಅಧಿಕಾರಿ ಹುದ್ದೆಯಿರಲಿ, ಎಂಬಿಎ ಇರಲಿ, ಅರ್ಜಿ ಹಾಕುವ ಅರ್ಹತೆಯೂ ಇರುವುದಿಲ್ಲ.

‘ಪೈಲಟ್‌ಗಳ ಕೊರತೆ ಇದೆಯಲ್ಲ’ ಎಂಬ ಪ್ರಶ್ನೆ ಸಹಜ. 2025ರ ಡಿಸೆಂಬರ್‌ನಲ್ಲಿ ಹೊಸ ಕರ್ತವ್ಯಾವಧಿ ನಿಯಮಗಳಿಗೆ ಹೊಂದಿಕೊಳ್ಳಲಾಗದೆ ಇಂಡಿಗೊ ಸಾವಿರಾರು ಹಾರಾಟಗಳನ್ನು ರದ್ದುಪಡಿಸಿದ್ದನ್ನು ಕಂಡೆವು. ಆದರೆ 200 ಗಂಟೆ ಹಾರಿದ ಹೊಸಬ ಕ್ಯಾಪ್ಟನ್‌ನ ಆಸನದಲ್ಲಿ ಕೂರಲಾರ. ಅದಕ್ಕೆ ಬೇಕಾದ ಉನ್ನತ ಪರವಾನಗಿಗೆ 1,500 ಗಂಟೆಗಳ ಅನುಭವ ಅಗತ್ಯ. ಇತ್ತ 2023ರಲ್ಲಿ ದೇಶದಲ್ಲಿ 1,622 ವಾಣಿಜ್ಯ ಪರವಾನಗಿಗಳನ್ನು ನೀಡಲಾಯಿತು. ಅಲ್ಲಿಯವರೆಗಿನ ದಾಖಲೆ ಅದು. ಅನುಭವಿಗಳ ಕೊರತೆ ಮತ್ತು ಹೊಸಬರ ಸರದಿ ಏಕಕಾಲದಲ್ಲಿ ಇರಬಲ್ಲವು. ಆ ಸರದಿಯಲ್ಲಿ ನಿಂತವರಿಗೂ ನಿರ್ದಿಷ್ಟ ಮಾದರಿಯ ವಿಮಾನದ ತರಬೇತಿಗೆಂದು, ಅಂದರೆ ಟೈಪ್ ರೇಟಿಂಗ್‌ಗೆಂದು, ಮತ್ತೆ ಹತ್ತಿಪ್ಪತ್ತು ಲಕ್ಷ ಬೇಕಾಗುತ್ತದೆ.

ಹಣದ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ಮೂಲ ತರಬೇತಿಗೇ ಸುಮಾರು 40ರಿಂದ 60 ಲಕ್ಷ ರೂಪಾಯಿ ಬೇಕು. 50 ಲಕ್ಷ ಸಾಲಕ್ಕೆ ಶೇ 11ರ ಬಡ್ಡಿ, 15 ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 57 ಸಾವಿರ. ಶಿಕ್ಷಣ ಸಾಲದ ಖಾತರಿ ಯೋಜನೆಯ ರಕ್ಷಣೆ ಏಳೂವರೆ ಲಕ್ಷಕ್ಕೆ ಸೀಮಿತ; ಅದರಾಚೆ ಬ್ಯಾಂಕುಗಳು ಭದ್ರತೆ ಕೇಳುತ್ತವೆ. ರೈತನಲ್ಲಿರುವ ಭದ್ರತೆ ಹೊಲ. ಆದರೆ 2002ರ ಸರ್ಫೇಸಿ ಕಾಯ್ದೆಯ 31ನೇ ಸೆಕ್ಷನ್ ಕೃಷಿಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ರೈತನನ್ನು ರಕ್ಷಿಸಲೆಂದೇ ಇರುವ ಈ ವಿನಾಯಿತಿಯಿಂದಾಗಿ ಶಿಕ್ಷಣ ಸಾಲಕ್ಕೆ ಹೊಲವನ್ನು ಒತ್ತೆಯಾಗಿ ಪಡೆಯಲು ಬ್ಯಾಂಕುಗಳು ಹಿಂಜರಿಯುತ್ತವೆ. ಪಟ್ಟಣದ ನೌಕರ ಮನೆಯನ್ನು ಅಡವಿಟ್ಟು ಸಾಲ ಪಡೆಯುತ್ತಾನೆ. ಹಳ್ಳಿಯ ರೈತ ಹೊಲವನ್ನೇ ಮಾರುತ್ತಾನೆ. ಮೊದಲನೆಯವನು ಸೋತರೂ ಮರಳಿ ಏಳಬಹುದು. ಎರಡನೆಯವನಿಗೆ ಆ ಅವಕಾಶವಿಲ್ಲ.

ಇನ್ನು ಯಾವ ಪದವಿ ಎಂಬ ಪ್ರಶ್ನೆ. ಏರೋನಾಟಿಕಲ್ ಎಂಜಿನಿಯರಿಂಗ್ ಓದಿದರೆ ಪೈಲಟ್ ಆಗಬಹುದೆಂಬ ಭ್ರಮೆ ನಮ್ಮ ತಾಲ್ಲೂಕುಗಳಲ್ಲಿ ವ್ಯಾಪಕವಾಗಿದೆ. ಅದು ವಿಮಾನದ ವಿನ್ಯಾಸ ಮತ್ತು ನಿರ್ಮಾಣದ ವಿದ್ಯೆ; ಆ ನಾಲ್ಕು ವರ್ಷಗಳು ಪರವಾನಗಿಗೆ ಒಂದು ಗಂಟೆಯ ಹಾರಾಟವನ್ನೂ ಜಮಾ ಮಾಡುವುದಿಲ್ಲ. ವಿಮಾನಯಾನದ ಬಿಬಿಎ ಕೂಡ ಹಾರಾಟ ಕಲಿಸುವುದಿಲ್ಲ. ವಿಮಾನಯಾನದ ಬಿ.ಎಸ್ಸಿ. ಪದವಿಯನ್ನು ಕೆಲವು ಸಂಸ್ಥೆಗಳು ತರಬೇತಿಯೊಂದಿಗೆ ಜೋಡಿಸಿವೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯಲ್ಲಿಯೂ ಅಂಥ ಅವಕಾಶವಿದೆ. ಪದವೀಧರನೆನಿಸಿಕೊಳ್ಳಲು ಅದು ಸಾಕು. ಆದರೆ ವಿಮೆಯ ಅರ್ಥವಿರುವುದು ಅಪಾಯವನ್ನು ಹಂಚುವುದರಲ್ಲಿ. ಉದ್ಯಮ ಕುಸಿದ ದಿನ ಅದೇ ಉದ್ಯಮದ ಪದವಿ ಎಷ್ಟರಮಟ್ಟಿಗೆ ಆಸರೆಯಾದೀತು? ಭೌತಶಾಸ್ತ್ರ-ಗಣಿತದ ಬಿ.ಎಸ್ಸಿ., ಬಿ.ಕಾಂ. ಅಥವಾ ಬಿಸಿಎ ಈ ದೃಷ್ಟಿಯಿಂದ ಹೆಚ್ಚು ಉಪಯುಕ್ತವೆಂದು ನನ್ನ ಭಾವನೆ.

ಹಣ ಹೊಂದಿದ್ದು ವೈದ್ಯಕೀಯ ಅರ್ಹತೆಯೂ ಖಚಿತವಾದವರು ತಡಮಾಡದೆ ತರಬೇತಿಗೆ ಸೇರಿ, ಜೊತೆಗೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ ಓದಬಹುದು. ಹಾರಾಟದ ವೇಳೆಯನ್ನು ನಿರ್ಧರಿಸುವುದು ಮೋಡ ಮತ್ತು ಗಾಳಿ. ಕಾಲೇಜಿನ ಹಾಜರಿ ಪುಸ್ತಕಕ್ಕೆ ಅದು ಹೊಂದುವುದಿಲ್ಲ. ದೂರಶಿಕ್ಷಣದ ವೆಚ್ಚ ತರಬೇತಿಯ ಮುಂದೆ ನಗಣ್ಯ. ಎಚ್ಚರಿಕೆಯೊಂದೇ: ಸೇರುವ ವರ್ಷದಲ್ಲಿ ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂದು ನೋಡಬೇಕು. ನಮ್ಮ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ ಕೆಲ ವರ್ಷ ಇಲ್ಲವಾಗಿ 2018ರಲ್ಲಿ ಮರಳಿ ದೊರೆತದ್ದನ್ನು ಮರೆಯಬಾರದು.

ಹಣ ಹೊಂದದವರು ನಿಯತ ಪದವಿಯನ್ನೇ ಮೊದಲು ಮುಗಿಸುವುದು ಲೇಸು. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿ 2024ರಲ್ಲಿ ಹಿಂದೆ ಸರಿದು, ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಈ ಹಾದಿಯಲ್ಲಿ ಇನ್ನೊಂದು ಬಾಗಿಲೂ ಇದೆ, ಅದು ವಾಯುಪಡೆ. ಪಿಯುಸಿ ನಂತರ ಎನ್‌ಡಿಎ, ಪದವಿಯ ನಂತರ ಎಎಫ್‌ಸಿಎಟಿ. ಎರಡನೆಯದರ ಹಾರಾಟ ಶಾಖೆಗೆ ಪಿಯುಸಿಯಲ್ಲಿ ಭೌತಶಾಸ್ತ್ರ-ಗಣಿತ ಹಾಗೂ ಪದವಿಯಲ್ಲಿ ಶೇ 60 ಅಂಕ ಬೇಕು. 24ರ ವಯೋಮಿತಿ ವಾಣಿಜ್ಯ ಪರವಾನಗಿ ಇದ್ದವರಿಗೆ 26. ತರಬೇತಿಗೆ ಶುಲ್ಕವಿಲ್ಲ, ಹೊಲ ಮಾರಬೇಕಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನಭಾಗ್ ಎಂಜಿನಿಯರಿಂಗ್ ಪದವಿಯ ನಂತರ ವಾಯುಪಡೆ ಸೇರಿ 2018ರಲ್ಲಿ ಯುದ್ಧವಿಮಾನದ ಪೈಲಟ್ ಆದರು. ಎನ್‌ಡಿಎಯಿಂದ ಮೊದಲ ಮಹಿಳಾ ತಂಡ 2025ರ ಮೇ ತಿಂಗಳಲ್ಲಿ ಹೊರಬಂದಿದೆ. ಆಯ್ಕೆ ಕಠಿಣವೆಂಬುದು ನಿಜ. ಆದರೆ ಸೋತವನು ಕಳೆದುಕೊಳ್ಳುವುದು ಅರ್ಜಿಯ ಶ್ರಮವನ್ನಷ್ಟೇ.

ಸರ್ಕಾರದ ಹೊಣೆಯೂ ಇದೆ. ಜಕ್ಕೂರಿನಲ್ಲಿ ರಾಜ್ಯದ್ದೇ ವೈಮಾನಿಕ ತರಬೇತಿ ಶಾಲೆಯಿದೆ. ಬೆಳಗಾವಿ, ಕಲಬುರಗಿಗಳಲ್ಲಿ ಖಾಸಗಿ ಶಾಲೆಗಳಿಗೆ 2021ರಲ್ಲಿ ಸ್ಥಳ ಹಂಚಿಕೆಯಾಯಿತು. ರನ್‌ವೇ ಹತ್ತಿರ ಬಂದರೂ ಸಾಲ ಹತ್ತಿರ ಬಂದಿಲ್ಲ. ವೈದ್ಯಕೀಯ ಅರ್ಹತೆ ಪಡೆದ ಗ್ರಾಮೀಣ ಅಭ್ಯರ್ಥಿಗಳಿಗೆ ರಾಜ್ಯವೇ ಸಾಲದ ಖಾತರಿ ನೀಡುವ ಯೋಜನೆ ಅಸಾಧ್ಯವೇನಲ್ಲ. ತಾಲ್ಲೂಕಿನ ಪಿಯು ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಅಧಿಕೃತ ಮಾಹಿತಿ ಶಿಬಿರ ನಡೆದರೆ ಜಾಹೀರಾತುಗಳ ಹಿಡಿತ ಸಡಿಲವಾದೀತು.

ಆ ರೈತರಿಗೆ ಕೊನೆಗೆ ಹೇಳಿದ್ದಿಷ್ಟೆ: ಮೊದಲು ವೈದ್ಯಕೀಯ ಪರೀಕ್ಷೆ, ಆಮೇಲೆ ಗಿರಾಕಿಯ ಮಾತು. ಪರೀಕ್ಷೆಯಲ್ಲಿ ಹುಡುಗಿ ಅರ್ಹಳೆಂದು ಬಂತು. ಈಗ ಆಕೆ ಬಿ.ಎಸ್ಸಿ. ಓದುತ್ತಿದ್ದಾಳೆ, ಎನ್‌ಡಿಎ ಪರೀಕ್ಷೆಯನ್ನೂ ಒಮ್ಮೆ ಬರೆದು, ಆಯ್ಕೆಯಾಗದೆ, ಪದವಿಯಲ್ಲಿ ಶೇ 60ರ ಗುರಿ ಇಟ್ಟುಕೊಂಡಿದ್ದಾಳೆ. ಆಕೆ ಪೈಲಟ್ ಆಗುವಳೋ ಇಲ್ಲವೋ ನಾನು ಹೇಳಲಾರೆ. ನಾಲ್ಕು ಎಕರೆ ಹೊಲ ಮಾತ್ರ ಇನ್ನೂ ತಂದೆಯ ಹೆಸರಿನಲ್ಲಿಯೇ ಇದೆ.