ಹ್ಯಾಲೋವೀನ್: ನಿರ್ಧಾರ ಮನೆಯದು, ಹೊಣೆ ಶಾಲೆಯದು

ಅಕ್ಟೋಬರ್ 31ರ ಹ್ಯಾಲೋವೀನ್ ಈಗ ಬೆಂಗಳೂರಿನ ಕೆಲವು ಖಾಸಗಿ ಪ್ಲೇಸ್ಕೂಲುಗಳಿಗೂ ಬಂದಿದೆ. ದೆವ್ವದ ವೇಷ ಹಾಕಿ ಕಳುಹಿಸಿ ಎಂಬ ಸೂಚನೆ ಮನೆ ಮುಟ್ಟಿದಾಗ ಪೋಷಕರು ತರಗತಿಯ ಶಿಕ್ಷಕಿಯನ್ನೇ ಕೇಳುತ್ತಾರೆ: “ಮೇಡಂ, ಮಗೂನ ಕಳಿಸೋದಾ, ಬೇಡ್ವಾ?” ನಮ್ಮ ಪ್ರಶಿಕ್ಷಣಾರ್ಥಿಗಳೂ ನಾಳೆ ಇದಕ್ಕೆ ಉತ್ತರಿಸಬೇಕಾದವರೇ. ‘ನಮ್ಮ ಸಂಸ್ಕೃತಿಯಲ್ಲ’ ಎನ್ನುವುದೂ ಸುಲಭ, ‘ಖುಷಿಪಡಲಿ ಬಿಡಿ’ ಎನ್ನುವುದೂ ಸುಲಭ. ಎರಡು ಉತ್ತರಗಳಲ್ಲೂ ಮಗುವೇ ಇಲ್ಲ ಎಂಬುದು ನನ್ನ ಆಕ್ಷೇಪ.

ಐರ್ಲೆಂಡ್, ಸ್ಕಾಟ್ಲೆಂಡ್‌ಗಳಿಂದ 19ನೇ ಶತಮಾನದಲ್ಲಿ ವಲಸೆ ಹೋದವರೊಂದಿಗೆ ಅಮೆರಿಕಕ್ಕೆ ಹೋಗಿ ಬೇರೂರಿದ ಆಚರಣೆ ಇದು. ಅಲ್ಲಿ ಮಕ್ಕಳು ವೇಷ ತೊಟ್ಟು ನೆರೆಹೊರೆಯ ಬಾಗಿಲು ತಟ್ಟಿ ಮಿಠಾಯಿ ಪಡೆಯುತ್ತಾರೆ. ಅಲ್ಲಿಯೂ ಎಲ್ಲರೂ ಇದನ್ನು ಒಪ್ಪಿಲ್ಲ. ಧಾರ್ಮಿಕ ಕಾರಣಕ್ಕೆ ದೂರ ಉಳಿಯುವ ಕುಟುಂಬಗಳಿವೆ, ಇದರ ಬದಲು ಶರತ್ಕಾಲದ ಹಬ್ಬ ನಡೆಸುವ ಶಾಲೆಗಳೂ ಇವೆ. ಹಾಗಾಗಿ ಬೇಡವೆನ್ನುವ ಪೋಷಕರನ್ನು ಹಳೆಯ ಕಾಲದವರೆಂದು ಕಾಣಬೇಕಿಲ್ಲ.

ನಿಜವಾದ ಪ್ರಶ್ನೆ ವಯಸ್ಸಿನದು. ರೀಟಾ ಡಿವ್ರೀಸ್ 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಒಂದು ಸಾಧು ಬೆಕ್ಕನ್ನು ತೋರಿಸಲಾಯಿತು. ಬಾಲ ಮಕ್ಕಳಿಗೆ ಕಾಣುವಂತೆ ಬಿಟ್ಟು, ಮುಂಭಾಗವನ್ನು ಮರೆಮಾಡಿ, ಅದಕ್ಕೆ ನಾಯಿಯ ಮುಖವಾಡ ತೊಡಿಸಿದರು. ಮೂರರ ಮಕ್ಕಳಲ್ಲಿ ಅನೇಕರು ಬೆಕ್ಕು ನಾಯಿಯಾಗಿದೆ ಎಂದೇ ನಂಬಿದರು. ಆರರ ಹೊತ್ತಿಗೆ ಹೆಚ್ಚಿನವರು ಮೋಸಹೋಗಲಿಲ್ಲ. ಪಿಯಾಜೆಯ ಪೂರ್ವ ಕಾರ್ಯಾಚರಣಾ ಹಂತವನ್ನು ಪರೀಕ್ಷೆಗಾಗಿ ಓದಿದ ನಾವು ಇಲ್ಲಿ ಅದನ್ನು ಬಳಸಬೇಕು. “ಅದು ಬರೀ ವೇಷ ಕಣೋ” ಎಂಬ ಸಮಾಧಾನ ಒಂದನೇ ತರಗತಿಯ ಮಗುವಿಗೆ ಸಾಕಾದೀತು, ಮೂರರ ಮಗುವಿಗೆ ಸಾಲದು. ಊಟ ಮಾಡಿಸಲು ಗುಮ್ಮನನ್ನು ಕರೆಯುವ ನಮ್ಮ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ. ಭಯ ವಿದೇಶದಿಂದಲೇ ಬರಬೇಕೆಂದಿಲ್ಲ.

ಆದ್ದರಿಂದ ಪೋಷಕರು ಮೂರು ಸಂಗತಿ ಯೋಚಿಸಲಿ: ಜಾತ್ರೆಯಲ್ಲೋ ಶಾಲೆಯಲ್ಲೋ ವೇಷಧಾರಿಗಳನ್ನು ಕಂಡಾಗ ಮಗು ಏನು ಮಾಡಿತು? ವೇಷ ಬೇಕೆಂದದ್ದು ಮಗುವೋ, ಫೋಟೋ ಬೇಕಾದ ನಾವೋ? ಹೆದರಿದರೆ ನಡುವೆಯೇ ಕರೆತರಲು ಸಾಧ್ಯವೇ? ಇವುಗಳ ಉತ್ತರ ನೋಡಿ ‘ಹೌದು’ ಎಂದರೂ ಸರಿ, ‘ಬೇಡ’ ಎಂದರೂ ಸರಿ.

ಆ ‘ಬೇಡ’ಕ್ಕೆ ಬೆಲೆ ಬರುವುದು ಶಾಲೆಯಿಂದ. ಹಿಂದಿನ ದಿನ ಸೂಚನೆ ಕಳುಹಿಸಿ ‘ಕಡ್ಡಾಯವಲ್ಲ’ ಎಂದರೆ ಅದು ಆಯ್ಕೆಯಲ್ಲ. ವೇಷವಿಲ್ಲದೆ ಬಂದ ಮಗು ಮೂಲೆಯಲ್ಲಿ ಕೂರುವಂತಾದರೆ ಮುಂದಿನ ವರ್ಷ ಆ ತಾಯಿ ಮನಸ್ಸಿಲ್ಲದಿದ್ದರೂ ವೇಷ ಕೊಳ್ಳುತ್ತಾಳೆ. ಎರಡು ವಾರ ಮೊದಲೇ ತಿಳಿಸುವುದು, ಮುಖ ಮುಚ್ಚದ ಸರಳ ವೇಷಗಳನ್ನಷ್ಟೇ ಒಪ್ಪುವುದು, ವೇಷ ತೊಡದವರೂ ಸೇರಬಹುದಾದ ಕುಂಬಳಕಾಯಿ ಬೀಜ ಎಣಿಸುವಂಥ ಚಟುವಟಿಕೆ ಇಡುವುದು, ಇಷ್ಟಾದರೂ ಆಗಬೇಕು.

ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ: ಪೋಷಕರ ಪರವಾಗಿ ತೀರ್ಪು ಕೊಡಬೇಡಿ. ನಿಮ್ಮ ವೀಕ್ಷಣಾ ಪುಸ್ತಕ ತೆರೆದು, ಆ ಮಗು ತರಗತಿಯಲ್ಲಿ ಯಾವುದಕ್ಕೆ ನಕ್ಕಿತು, ಯಾವುದಕ್ಕೆ ಹಿಂಜರಿಯಿತು ಎಂದು ಹೇಳಿ. ಅದು ನಿಮಗೆ ಮಾತ್ರ ಗೊತ್ತಿರುವ ಸಂಗತಿ. ತೀರ್ಮಾನಿಸಲು ಅವರಿಗೆ ಬೇಕಿರುವುದೂ ಅದೇ.