ಬಾಣಂತಿಯರ ಸಾವು: ಬಳ್ಳಾರಿಯ ಎಚ್ಚರಿಕೆ

2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಐವರು ಬಾಣಂತಿಯರು ಕೆಲವೇ ವಾರಗಳಲ್ಲಿ ಅಸುನೀಗಿದರು. ರಕ್ತನಾಳದ ಮೂಲಕ ನೀಡಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಶಂಕೆ ಮೂಡಿತು; ಸರ್ಕಾರವು ಅದರ ಬಳಕೆಯನ್ನು ತಡೆದು ಔಷಧ ನಿಯಂತ್ರಕರನ್ನು ಅಮಾನತಿನಲ್ಲಿರಿಸಿತು. ಆದರೆ ಆ ದ್ರಾವಣದ ಗುಣಮಟ್ಟದ ಕುರಿತು ರಾಜ್ಯ ಮತ್ತು ಕೇಂದ್ರ ಪ್ರಯೋಗಾಲಯಗಳ ವರದಿಗಳು ಮೊದಲೇ ಭಿನ್ನವಾಗಿದ್ದವು. ಸಂದೇಹ ಪರಿಹಾರವಾಗುವ ತನಕ ಅಂತಹ ಔಷಧವನ್ನು ಉಗ್ರಾಣದಲ್ಲಿಯೇ ತಡೆಹಿಡಿಯುವುದು ಕಟ್ಟುನಿಟ್ಟಿನ ನಿಯಮವಾಗಬೇಕೆಂದು ನಾವು ಆಗ್ರಹಿಸುತ್ತೇವೆ.

ಜನನ ಸೂತಕವನ್ನು ನಿರಾಕರಿಸಿದ ಶರಣರು ಹೆರಿಗೆಯನ್ನು ಮೈಲಿಗೆಯೆಂದು ಬಗೆಯಲಿಲ್ಲ. ಅವರ ಹಾದಿಯಲ್ಲಿ ನಡೆಯುವ ನಾವು ಬಾಣಂತಿಯ ಆರೈಕೆಯಲ್ಲಿ ಅಸಡ್ಡೆಯನ್ನು ಸಹಿಸಬಾರದು. ಸದ್ಭಕ್ತರು ಭಯದಿಂದ ಮನೆಹೆರಿಗೆಗೆ ಮರಳದಿರಲಿ. ಹೆರಿಗೆಯ ನಂತರ ಅತಿಯಾದ ರಕ್ತಸ್ರಾವವಾಗಲಿ, ಜ್ವರವಾಗಲಿ ಕಂಡೊಡನೆ, ಮೂತ್ರ ಕಡಿಮೆಯಾದೊಡನೆ ತಡಮಾಡದೆ ವೈದ್ಯರಿಗೆ ತಿಳಿಸಿರಿ.