ದುಡಿಮೆ ಕುಗ್ಗಿದ ಊರಿನಲ್ಲಿ ಮನೆಯ ಬೆಲೆ

ಉದ್ಯೋಗ ಕಡಿಮೆಯಾದ ಊರಿನಲ್ಲಿ ಮನೆಗಳು ಅಗ್ಗವಾಗುತ್ತವೆ, ಅದರಿಂದ ಬಡವರಿಗೆ ಅನುಕೂಲವೇ ಆಗುತ್ತದೆ ಎಂದು ವಾದಿಸುವವರುಂಟು. ಈ ಮಾತನ್ನು ಭದ್ರಾವತಿಯ ಅನುಭವದ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತ.

ಭದ್ರಾವತಿ ಎರಡು ಕಾರ್ಖಾನೆಗಳ ಆಶ್ರಯದಲ್ಲಿ ಬೆಳೆದ ಊರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೂ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯೂ ತಲೆಮಾರುಗಳಿಗೆ ಅನ್ನವಿತ್ತವು. ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ವಿ.ಐ.ಎಸ್.ಎಲ್. ಮುಚ್ಚಲು 2023ರ ಜನವರಿಯಲ್ಲಿ ಸೈಲ್ ನಿರ್ಧರಿಸಿತು; ಕಾರ್ಮಿಕರ ಹೋರಾಟದ ನಡುವೆ ಅದೇ ವರ್ಷದ ಆಗಸ್ಟಿನಲ್ಲಿ ಕೆಲಸ ಭಾಗಶಃ ಪುನರಾರಂಭವಾಯಿತು. ಊರಿನ ಇಳಿಮುಖವಾದರೋ ಇನ್ನೂ ಹಿಂದಿನದು. 2001ರ ಜನಗಣತಿಯಲ್ಲಿ ಸುಮಾರು 1,60,000 ಇದ್ದ ಜನಸಂಖ್ಯೆ 2011ರಲ್ಲಿ ಸುಮಾರು 1,51,000ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ನೆರೆಯ ಶಿವಮೊಗ್ಗ 2,74,000ದಿಂದ 3,22,000ಕ್ಕೆ ಏರಿತು.

ಮನೆಯ ಬೆಲೆಯನ್ನು ಇಟ್ಟಿಗೆ, ಸಿಮೆಂಟುಗಳಷ್ಟೇ ನಿರ್ಧರಿಸುವುದಿಲ್ಲ. ತಿಂಗಳ ಸಂಬಳದ ಭರವಸೆಯೇ ಅದರ ನಿಜವಾದ ತಳಹದಿ. ಆ ಸಂಬಳವನ್ನು ನೋಡಿಯೇ ಬ್ಯಾಂಕು ಸಾಲ ಕೊಡುತ್ತದೆ. ದುಡಿಮೆ ಹೋದಾಗ ಮಾರುವವರು ಹೆಚ್ಚುತ್ತಾರೆ, ಕೊಳ್ಳುವವರು ಕಡಿಮೆಯಾಗುತ್ತಾರೆ. ಭವಿಷ್ಯನಿಧಿಯ ಹಣದಲ್ಲಿ ಮನೆ ಕಟ್ಟಿದ ಕಾರ್ಮಿಕನ ಜೀವಮಾನದ ಉಳಿತಾಯ ಆಗ ಗೋಡೆಗಳಲ್ಲಿ ಸಿಕ್ಕಿಬೀಳುತ್ತದೆ. ಅದನ್ನು ಮಾರಿ ಬೆಂಗಳೂರಿಗೆ ಹೋದರೆ ಅಲ್ಲಿ ನಿವೇಶನವಿರಲಿ, ಬಾಡಿಗೆ ಮನೆಯ ಮುಂಗಡಕ್ಕೂ ಯೋಚಿಸಬೇಕು. ಸ್ವಂತ ಮನೆ ಹೆಚ್ಚಿರುವೆಡೆ ನಿರುದ್ಯೋಗವೂ ಹೆಚ್ಚಬಹುದೆಂದು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಆಂಡ್ರ್ಯೂ ಓಸ್ವಾಲ್ಡ್ 1996ರಲ್ಲಿ ಊಹಿಸಿದರು. ವಿದ್ವಾಂಸರಲ್ಲಿ ಇದಕ್ಕೆ ಒಮ್ಮತವಿಲ್ಲ. ಆದರೆ ಮನೆ ಮನುಷ್ಯನನ್ನು ಕಟ್ಟಿಹಾಕಬಲ್ಲದೆಂಬ ಅವರ ತರ್ಕ ಇಲ್ಲಿ ಚಿಂತನೆಗೆ ಅರ್ಹ.

ಎರಡು ಊರುಗಳ ನಡುವೆ ಇರುವ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ಈ ಕಟ್ಟನ್ನು ಕೊಂಚ ಸಡಿಲಿಸಿದೆ. ಭದ್ರಾವತಿಯ ಮನೆ ಬಿಡದೆಯೇ ಬಸ್ಸಿನಲ್ಲಿ ಹೋಗಿ ದುಡಿದು ಬರಬಹುದು. ಆದರೆ ಸಿದ್ಧ ಉಡುಪಿನ ಕಾರ್ಖಾನೆಯ ಸಂಬಳ ಹಳೆಯ ಕಾರ್ಖಾನೆಗಳ ಕಾಯಂ ನೌಕರಿಗೆ ಸಮನಲ್ಲ. ಅದರ ಬಲದಿಂದ ಗೃಹಸಾಲ ತೀರಿಸುವುದು ಕಷ್ಟ. ಇತ್ತ 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಇಂತಹ ಯೋಜನೆಗಳ ಆಸುಪಾಸಿನಲ್ಲಿ ಉದ್ಯೋಗಕ್ಕಿಂತ ಮೊದಲು ನಿರೀಕ್ಷೆ ಬರುತ್ತದೆ. ನಿರೀಕ್ಷೆಯೇ ನಿವೇಶನದ ಬೆಲೆಯನ್ನು ಏರಿಸುತ್ತದೆ. ಕೆಲಸಗಾರನು ಅಲ್ಲಿಗೆ ತಲುಪುವಷ್ಟರಲ್ಲಿ ನೆಲ ಅವನ ಕೈಗೆಟುಕದು.

ಆದುದರಿಂದ ಬೆಲೆ ಇಳಿದರೆ ಬಡವನಿಗೆ ಲಾಭವೆಂಬುದು ಅರ್ಧಸತ್ಯ. ದುಡಿಮೆಯಿಲ್ಲದವನಿಗೆ ಅಗ್ಗದ ಮನೆಯೂ ದುಬಾರಿಯೇ. ಕುಟುಂಬಗಳು ಗಾಬರಿಯಿಂದ ಮನೆ ಮಾರುವುದಾಗಲಿ, ಕೇವಲ ವದಂತಿಯನ್ನು ನಂಬಿ ಸಾಲ ಮಾಡಿ ನಿವೇಶನ ಕೊಳ್ಳುವುದಾಗಲಿ ವಿವೇಕವಲ್ಲ. ಆಳುವವರಿಂದ ನಾವು ಕೇಳಬೇಕಾದದ್ದು ಹೊಸ ಬಡಾವಣೆಗಳಿಗಿಂತ ಮೊದಲು ಕಾಯಂ ಕೆಲಸ, ನ್ಯಾಯವಾದ ಕೂಲಿ. ಅವೆರಡು ಇದ್ದಲ್ಲಿ ಮನೆಗೆ ತಕ್ಕ ಬೆಲೆ ತಾನಾಗಿಯೇ ಬರುತ್ತದೆ.